ಗೇರು ಹಾಕಿದರೆ ಊರು ಖಾಲಿ

ಗಾಡಿ ಕೆಟ್ಟು ನಿಂತರೆ ಸಾಕು, ಎಲ್ಲಿಂದಲೋ ಒಬ್ಬ ವೈದ್ಯ ಬಂದು ಪಕ್ಕದಲ್ಲಿ ನಿಂತಿರುತ್ತಾನೆ. ಇದು ನನ್ನೊಬ್ಬನ ಹಣೆಬರಹವೋ, ಗಾಡಿ ಇಟ್ಟುಕೊಂಡ ಎಲ್ಲರದೋ ಗೊತ್ತಿಲ್ಲ. ಮಹಾರಾಜರ ಕಾಲದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಅಂತ ನಾನು ತಿರುಗುತ್ತಿದ್ದಾಗ ಇಂಥ ವೈದ್ಯರ ಕಾಟ ತಪ್ಪಿದ ದಿನವೇ ಇಲ್ಲ.

ನನ್ನ ಕೆಲಸ ಮಕ್ಕಳಿಗೆ ಸಿಡುಬಿನ ದಾಕು ಹಾಕುವುದು. ತೋಳಿನ ಮೇಲೆ ಗೀರಿ ಔಷಧಿ ಹಚ್ಚಿದರೆ ಮುಗಿಯಿತು. ಆದರೆ ಹಳ್ಳಿಯ ಮಕ್ಕಳಿಗೆ ನಾನೆಂದರೆ ಯಮ. ಓಡಾಟಕ್ಕೆ ಇಲಾಖೆ ಒಂದು ಹಳೆಯ ಮೋಟಾರ್ ಸೈಕಲ್ ಕೊಟ್ಟಿತ್ತು. ಅದರ ಗೇರು ಕಾಲಿನಲ್ಲಿ ಹಾಕುವುದಲ್ಲ, ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಒಂದು ಸಲಾಕೆ. ಎಡಗೈಯಲ್ಲಿ ಕ್ಲಚ್ಚು ಹಿಡಿದು ಬಲಗೈಯಲ್ಲಿ ಸಲಾಕೆ ತಳ್ಳಬೇಕು. ತಳ್ಳಿದರೆ ‘ಕರ್ರ್ರ್ ಕಟಾರ್’ ಅಂತ ಸದ್ದು. ಊರ ಹೊರಗಿನ ದಿಬ್ಬ ಹತ್ತಲು ಗೇರು ಇಳಿಸಿದೆನೋ, ಒಳಗಿನ ಮಕ್ಕಳೆಲ್ಲ ಅಟ್ಟ, ಕಣಜ, ಹುಲ್ಲಿನ ಬಣವೆ ಸೇರಿಬಿಡುತ್ತಿದ್ದವು. ತಾಯಂದಿರು ಹೊಲದ ದಾರಿ ಹಿಡಿಯುತ್ತಿದ್ದರು. ನಾನು ಹೋಗಿ ನಿಂತರೆ ಕಾಣುತ್ತಿದ್ದುದು ಕೋಳಿ, ನಾಯಿ, ಮತ್ತೆ ಕಿವಿ ಕೇಳಿಸದ ಒಬ್ಬಿಬ್ಬರು ಅಜ್ಜಂದಿರು.

ನಮ್ಮ ಇಲಾಖೆಯ ತುಮಕೂರಿನ ದೊಡ್ಡ ಸಾಹೇಬರು ಕರೆಸಿದರು. “ಏನ್ರೀ, ಹೋದ ಊರೆಲ್ಲ ಖಾಲಿ ಅಂತೀರಿ. ಆ ಗೇರಿನ ರೋಗ ಏನು ಅಂತ ಕಂಡುಹಿಡಿದು ವಾಸಿ ಮಾಡಿಸಿ. ಇಲ್ಲದಿದ್ರೆ ಗಾಡಿ ವಾಪಸ್ ತಗೊಂಡು ಎತ್ತಿನ ಗಾಡಿ ಕೊಡ್ತೀನಿ,” ಎಂದರು. ಮೋಟಾರ್ ಸೈಕಲ್ಲಿನ ಮೇಲೆ ಕೂತರೆ ಮಧುಗಿರಿ ಪೇಟೆಯಲ್ಲಿ ನಾನೂ ಒಬ್ಬ ಮನುಷ್ಯ. ಎತ್ತಿನ ಗಾಡಿಯಲ್ಲಿ ಕೂತರೆ ಸಂತೆಗೆ ಹೊರಟ ಹುಣಸೆಹಣ್ಣಿನ ಮೂಟೆ. ಅದನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ.

ಎಣ್ಣೆ ಚಿಕಿತ್ಸೆ

ಮೊದಲ ವೈದ್ಯರು ಮಧುಗಿರಿಯ ನಮ್ಮ ಬೀದಿಯ ಗಾಣದ ಯಜಮಾನರು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು, ಸಲಾಕೆಯನ್ನು ಆಡಿಸಿ ನೋಡಿದರು, ರೋಗ ಹೇಳಿಬಿಟ್ಟರು.

“ಎಣ್ಣೆ ಸಾಲದು ಕಣಪ್ಪ. ಎತ್ತಿನ ಗಾಡಿ ಅಚ್ಚಾದ್ರೇನು, ಮೋಟಾರಾದ್ರೇನು, ಒಣಗಿದ್ರೆ ಕಿರುಗುಟ್ಟತ್ತೆ.”

“ಇದಕ್ಕೆ ಬೇರೆ ಎಣ್ಣೆ ಯಜಮಾನ್ರೆ, ಬೆಂಗಳೂರಿಂದ ಬರಬೇಕು.”

“ಯಾಕೆ, ಬೆಂಗಳೂರಲ್ಲಿ ಹರಳು ಬೆಳೀತಾರಾ?”

ಅವರು ಕುಡಿಕೆ ತುಂಬ ಹರಳೆಣ್ಣೆ ತಂದು ಗೇರಿನ ಪೆಟ್ಟಿಗೆಗೆ ಸುರಿದರು. ತುಂಬಿ ಹೊರಗೆ ಚೆಲ್ಲಿದ ಮೇಲೂ, ಇರಲಿ ಅಂತ ಇನ್ನೊಂದಿಷ್ಟು ಸುರಿದರು. ಚೆಲ್ಲಿದ್ದೆಲ್ಲ ಕೆಳಗಿನ ಹೊಗೆ ಕೊಳವೆಗೆ ಇಳಿಯಿತು.

ಸುಳ್ಳು ಹೇಳಬಾರದು, ಅವತ್ತು ಸದ್ದು ಅಡಗಿತ್ತು. ಕೊಡಿಗೇನಹಳ್ಳಿ ಕಡೆಯ ಒಂದು ಹಳ್ಳಿಗೆ ಹಾಡು ಗುನುಗಿಕೊಂಡು ಹೋದೆ. ಹೋಗಿ ನೋಡಿದರೆ ಊರು ಎಂದಿನಂತೆ ಬಣಬಣ. ಅರಳಿಕಟ್ಟೆಯ ಮೇಲೆ ಕಿವುಡಜ್ಜ ಒಬ್ಬರೇ ಕೂತಿದ್ದರು. ಅವರ ಕಿವಿಯ ಹತ್ತಿರ ಹೋಗಿ, “ಇವತ್ತು ಸದ್ದೇ ಬರಲಿಲ್ಲವಲ್ಲ ಅಜ್ಜ, ಜನ ಯಾಕೆ ಓಡಿದ್ರು?” ಎಂದು ಕಿರುಚಿದೆ.

“ಸದ್ದು ನಂಗೆಲ್ಲಿ ಕೇಳಿಸ್ಬೇಕು ಸ್ವಾಮಿ. ಹರಳೆಣ್ಣೆ ಕಾದ ವಾಸ್ನೆ ಬಂತು. ಊರಿಗೆಲ್ಲ ಭೇದಿಗೆ ಕುಡಿಸಾಕೆ ಬಂದವ್ರೆ ಅಂದ್ಕೊಂಡು ಮಕ್ಕಳ ಜೊತೆ ಈ ಸಲ ದೊಡ್ಡೋರೂ ಓಡೋದ್ರು.”

ಲಗಾಮು ಹಿಡಿದ ಕೈ

ಶಿರಾದಲ್ಲಿ ಜಟಕಾ ಓಡಿಸುವ ಸಾಬರೊಬ್ಬರಿದ್ದರು. ಹಿಂದೆ ಬೆಂಗಳೂರು ದಂಡಿನಲ್ಲಿ ಒಬ್ಬ ದೊರೆಯ ಬಳಿ ಇದ್ದಾಗ ಇಂಥದ್ದೇ ಗಾಡಿ ಓಡಿಸಿದ್ದರಂತೆ. ನನ್ನ ಗಾಡಿಯ ಸದ್ದು ಕೇಳಿ ಅವರ ಕುದುರೆ ಎರಡು ಸಲ ಬೆದರಿತ್ತು. ಮೂರನೆಯ ಸಲ ಅವರೇ ಇಳಿದು ಬಂದರು.

“ಸಾಬ್, ತಪ್ಪು ಗಾಡೀದಲ್ಲ, ನಿಮ್ದು. ನೀವು ಹೆದರ್ಕೊಂಡು ಹಿಡೀತೀರಿ. ಜಾನವರ್‌ಗೆ ಅದು ಗೊತ್ತಾಗ್ತದೆ.”

“ಇದು ಕಬ್ಬಿಣ ಸಾಬ್ರೆ, ಜಾನುವಾರಲ್ಲ.”

“ಅಂಗೆ ಅಂದ್ಕೊಂಡಿರೋದ್ಕೇ ಅದಕ್ಕೆ ನಿಮ್ ಮೇಲೆ ಸಿಟ್ಟು.”

ಗಾಡಿ ಏರಿ ಕೂತರು. ಲಗಾಮು ಎಳೆದೆಳೆದು ಬಲಿತ ಎಡಗೈಯಿಂದ ಕ್ಲಚ್ಚನ್ನು ಮುರಿದೇ ಹೋಗುವ ಹಾಗೆ ಹಿಚುಕಿದರು, ಸಲಾಕೆ ತಳ್ಳಿದರು. ಗೇರು ಒಂದು ಮಾತೂ ಆಡದೆ ಬಿತ್ತು. ನನಗೆ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು. ಆದರೂ ಅವರನ್ನೇ ಮುಂದೆ ಕೂರಿಸಿ, ಔಷಧಿ ಪೆಟ್ಟಿಗೆ ತಬ್ಬಿಕೊಂಡು ನಾನು ಹಿಂದೆ ಕೂತೆ. ಬುಕ್ಕಾಪಟ್ಟಣದ ಹತ್ತಿರದ ಹಳ್ಳಿಯೊಂದಕ್ಕೆ ಹೊರಟೆವು.

ದಿಬ್ಬದಲ್ಲಿ ಸದ್ದಿಲ್ಲ. ಊರ ಬಾಗಿಲಲ್ಲಿ ಸದ್ದಿಲ್ಲ. ಬೀದಿಯ ತುಂಬ ಮಕ್ಕಳು ಬುಗುರಿ ಆಡುತ್ತಿದ್ದರು. ನನ್ನ ನೌಕರಿಯಲ್ಲಿ ಅಷ್ಟು ಮಕ್ಕಳನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಸಾಬರು, ವರ್ಷಗಟ್ಟಲೆ ಜಟಕಾ ಓಡಿಸಿದ ರೂಢಿ ನೋಡಿ, ಕೂತಲ್ಲಿಂದ ಎದ್ದು ನಿಂತು, “ಬಾಜೂ, ಬಾಜೂ, ದಾಕು ಸಾಹೇಬ್ರು ಬಂದ್ರು, ದಾರಿ ಬುಡಿ” ಎಂದು ಕೂಗಿದರು.

ಧೂಳು ಇಳಿಯುವಷ್ಟರಲ್ಲಿ ಬೀದಿಯಲ್ಲಿ ಉಳಿದಿದ್ದು ಬುಗುರಿಗಳು ಮಾತ್ರ, ಅವೂ ಇನ್ನೂ ತಿರುಗುತ್ತಿದ್ದವು. ಸಾಬರು ಹೆಮ್ಮೆಯಿಂದ ನನ್ನ ಕಡೆ ತಿರುಗಿದರು.

“ನೋಡಿ ಸಾಬ್, ಒಬ್ರಾದ್ರೂ ಅಡ್ಡ ಬಂದ್ರಾ?”

ಅವ್ವ ಕಟ್ಟಿದ್ದು

ರೋಗ ಸಿಕ್ಕಿದ್ದು ಕೊರಟಗೆರೆಯಲ್ಲಿ. ಅಲ್ಲಿ ನಿಂತಿದ್ದ ಬಸ್ಸಿನ ಡ್ರೈವರು ನನ್ನ ಗಾಡಿಯ ಕ್ಲಚ್ಚು ಹಿಡಿದು ನೋಡಿ, “ಇದ್ಯಾವ ಗಂಟು ಸ್ವಾಮಿ?” ಎಂದ.

ಅದು ಅರಿಶಿನದ ಕೊಂಬು. ಪ್ರತಿ ಆಯುಧಪೂಜೆಗೂ ನಮ್ಮವ್ವ ಒಂದೊಂದು ಕೊಂಬನ್ನು ದಾರ ಸುತ್ತಿ ಕ್ಲಚ್ಚಿಗೆ ಕಟ್ಟುತ್ತಿದ್ದಳು, ಹಳೆಯದನ್ನು ಬಿಚ್ಚುತ್ತಿರಲಿಲ್ಲ. ನೋಡಿ ನೋಡಿ ನಾನು ಅದನ್ನೂ ಗಾಡಿಯ ಒಂದು ಭಾಗವೇ ಅಂದುಕೊಂಡಿದ್ದೆ.

“ಈ ಕೊಂಬು ಅಡ್ಡ ಇರೋವರ್ಗೂ ಕ್ಲಚ್ಚು ಅರ್ಧಕ್ಕೇ ನಿಲ್ತದೆ. ಇಂಜಿನ್ನು ಗೇರನ್ನ ಬುಡದೆ ಹಿಡ್ಕೊಂಡಿರ್ತದೆ, ನೀವು ಮೇಲಿಂದ ತುರುಕ್ತೀರಿ. ಕರಕರ ಅನ್ನದೆ ಇನ್ನೇನು ಮಾಡ್ತದೆ?” ಎಂದು ಚಾಕು ತೆಗೆದ. ಆಮೇಲೆ ಏನೋ ಹೊಳೆದು, “ಯಾರು ಕಟ್ಟಿದ್ದು?” ಎಂದ.

“ನಮ್ಮವ್ವ.”

ಚಾಕು ಮಡಿಸಿ ಜೇಬಿಗೆ ಹಾಕಿಕೊಂಡ. “ಅವ್ವ ಕಟ್ಟಿದ್ದನ್ನ ಅವ್ವನೇ ಬಿಚ್ಲಿ. ನಾನೂ ಮಕ್ಕಳೊಂದಿಗ,” ಎಂದು ಬಸ್ಸು ಹತ್ತಿ ಹೊರಟೇಹೋದ.

ಮನೆಗೆ ಬಂದು ಅವ್ವನಿಗೆ ಹೇಳಿದೆ.

“ಅದನ್ನ ಕಟ್ಟಿದ್ಮೇಲೆ ಒಂದಿನಾನಾದ್ರೂ ಬಿದ್ದಿದೀಯೇನ್ಲಾ?”

“ಇಲ್ಲವ್ವ.”

“ಮತ್ತೆ?”

ಗಾಡಿ ಹೋಗುತ್ತದೆ, ಮರ್ಯಾದೆ ಹೋಗುತ್ತದೆ ಅಂತ ಗೋಗರೆದೆ. ಕೊನೆಗೆ ಅವಳು ಮನಸ್ಸು ಕರಗಿ ಕೊಂಬುಗಳನ್ನೆಲ್ಲ ಎಡಗಡೆಯಿಂದ ಬಿಚ್ಚಿದಳು. ಬಿಚ್ಚಿ, ಭದ್ರವಾಗಿ ಬಲಗಡೆಗೆ ಕಟ್ಟಿದಳು. ಬಲಗಡೆ ಇದ್ದುದು ಬ್ರೇಕು. ಕಾಲಿನ ಬ್ರೇಕು ನಾನು ಗಾಡಿ ತೆಗೆದುಕೊಳ್ಳುವ ಮೊದಲೇ ಕೆಟ್ಟಿತ್ತು.

ಮರುದಿನ ಗೇರು ಬೆಣ್ಣೆಯ ಹಾಗೆ ಬಿತ್ತು. ಜನರೂ ಊರಲ್ಲೇ ಇದ್ದರು. ನಾನೇ ನಿಲ್ಲಲಾಗದೆ ಎಲ್ಲರಿಗೂ ಕೈಮುಗಿಯುತ್ತ ಊರು ದಾಟಿ ಹೋದೆ.

ಅಸಲಿ ಇನ್ಸ್‌ಪೆಕ್ಟರು

ಆಮೇಲೆ ಅವ್ವನ ಕಾಲು ಹಿಡಿದು ಕೊಂಬುಗಳನ್ನು ಗಾಡಿಯ ಮುಂದಿನ ದೀಪದ ಬುಡಕ್ಕೆ ಕಟ್ಟಿಸಿದೆ. ಗೇರು ಸರಿಯಾಯಿತು, ಬ್ರೇಕೂ ಸರಿಯಾಯಿತು. ದೊಡ್ಡ ಸಾಹೇಬರಿಗೆ ತಿಳಿಸಿದರೆ, “ಕಣ್ಣಾರೆ ನೋಡ್ತೀನಿ” ಅಂತ ಕೋಟು ಹಾಕಿಕೊಂಡು ಬಂದು ಹಿಂದೆ ಕೂತರು. ವೈ.ಎನ್.ಹೊಸಕೋಟೆ ಕಡೆಯ ಒಂದು ಹಳ್ಳಿಗೆ ಹೊರಟೆವು. ದಿಬ್ಬದಲ್ಲಿ ಗೇರು ಇಳಿಸಿದೆ. ಸದ್ದೇ ಇಲ್ಲ. ಸಾಹೇಬರು ಬೆನ್ನು ತಟ್ಟಿ, “ಭೇಷ್, ಗಾಡಿ ನಿಮ್ಮದೇ,” ಎಂದರು.

ಊರಲ್ಲಿ ಹೆಂಗಸರು ಮರದ ಕೆಳಗೆ ಕಡಲೆಕಾಯಿ ಸುಲಿಯುತ್ತಿದ್ದರು, ಮಕ್ಕಳು ಬಂದು ನಮ್ಮನ್ನೇ ಸುತ್ತಿಕೊಂಡರು. ನಾನು ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ಪಟೇಲರು ಬಂದು ಆ ಕಡೆಯ ತೆಲುಗು ಬೆರೆತ ಮಾತಿನಲ್ಲಿ ವಿಚಾರಿಸಿದರು.

“ಏಮಿ ಸ್ವಾಮಿ, ಯಾರು ನೀವು?”

“ದಾಕು ಹಾಕೋ ಇನ್ಸ್‌ಪೆಕ್ಟರು.”

“ಕಾದು ಕಾದು, ನೀವಲ್ಲ. ಆಯಪ್ಪ ಬಂದ್ರೆ ನಮಗೆ ಗೊತ್ತಾಗ್ತದೆ.”

“ನಾನೇ ಪಟೇಲ್ರೆ. ಎಷ್ಟೋ ಸಲ ಬಂದಿದ್ದೀನಿ.”

“ಬಂದಿರ್ಬೋದು. ನೀವು ಬರೋ ಹೊತ್ತಿಗೆ ನಾವು ಯಾರೂ ಊರಲ್ಲಿ ಇರಲ್ಲ ಕದಾ? ನಿಮ್ಮ ಮುಖ ನೋಡಿರೋರು ಯಾರು? ನಮಗೆ ಗೊತ್ತಿರೋದು ಗಾಡಿ ಸದ್ದು.”

ಸಾಹೇಬರು ಮುಂದೆ ಬಂದು, “ನಾನು ಇವರ ಮೇಲಿನ ಅಧಿಕಾರಿ,” ಎಂದರು.

“ಇವ್ರೇ ಯಾರಂತ ಗೊತ್ತಿಲ್ಲ, ಇವ್ರ ಮೇಲ್ನೋರು ನೀವು ಯಾರಂತ ನಾನೆಂಗೆ ಹೇಳ್ಲಿ? ಯಾರೋ ಬಂದು ಮಕ್ಕಳ ತೋಳು ಗೀರ್ತೀನಿ ಅಂದ್ರೆ ಒಪ್ಪಾಕಾಗ್ತದಾ? ಅಸಲಿ ಇನ್ಸ್‌ಪೆಕ್ಟ್ರಾದ್ರೆ ಆ ಸದ್ದು ಮಾಡಿ ತೋರಿಸ್ಲಿ.”

ಹೆಂಗಸರೂ, “ಹೌದು, ಸದ್ದು ಮಾಡ್ಲಿ” ಎಂದರು. ನಾನು ಸಾಹೇಬರ ಕಿವಿಯಲ್ಲಿ, “ಬೇಡ ಸಾರ್” ಎಂದೆ. ಅವರ ಮುಖ ಕೆಂಪಗಾಗಿತ್ತು. “ಮಾಡ್ರೀ. ಸರ್ಕಾರದ ಮರ್ಯಾದೆ ಪ್ರಶ್ನೆ,” ಎಂದರು.

ಗಾಡಿ ಚಾಲೂ ಮಾಡಿದೆ. ಕ್ಲಚ್ಚನ್ನು ಬೇಕೆಂದೇ ಅರ್ಧ ಹಿಡಿದು ಸಲಾಕೆ ತಳ್ಳಿದೆ. ‘ಕರ್ರ್ರ್ ಕಟಾರ್.’

ಪಟೇಲರ ಮುಖ ಅರಳಿತು. “ಅವ್ರೇ, ಅನುಮಾನ ಇಲ್ಲ” ಎಂದವರೇ ಪಂಚೆ ಎತ್ತಿ ಕಟ್ಟಿ ಎಲ್ಲರಿಗಿಂತ ಮುಂದೆ ಓಡಿದರು. ಅವರ ಹಿಂದೆ ಹೆಂಗಸರು, ಹೆಂಗಸರ ಹಿಂದೆ ಮಕ್ಕಳು. ಕಡೆಗೆ ಉಳಿದದ್ದು ಅರ್ಧ ಸುಲಿದ ಕಡಲೆಕಾಯಿ ರಾಶಿ, ನಾನು, ಸಾಹೇಬರು. ಗಾಡಿ ಕೈಬಿಟ್ಟು ಹೋಯಿತಲ್ಲ ಅಂತ ನನಗೆ ಅಳು ಬರಬೇಕಿತ್ತು, ಬಂದದ್ದು ನಗು. ತುಟಿ ಕಚ್ಚಿ ನಿಂತೆ.

ಸಾಹೇಬರು ಕೋಟಿನ ಧೂಳು ಕೊಡವಿಕೊಂಡರು. ಒಂದು ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಂಡರು. ತುಂಬ ಹೊತ್ತು ಅಗಿದ ಮೇಲೆ ಮೆಲ್ಲಗೆ ಹೇಳಿದರು.

“ನಾಳೆಯಿಂದ ಎತ್ತಿನ ಗಾಡಿ. ಎತ್ತುಗಳ ಕೊರಳಿಗೆ ಗಂಟೆ ಮಾತ್ರ ಕಟ್ಟಬೇಡಿ.”