ಹೆಚ್ಚುಕಡಿಮೆಯಿಲ್ಲದ ರೆಕ್ಕೆ

ಗಗನಸಖ ಹವ್ಯಾಸ ವಿಮಾನ ಕಂಪನಿಯ ಘನವೆತ್ತ ವ್ಯವಸ್ಥಾಪಕರಿಗೆ, ಹುಮನಾಬಾದಿನ ನಿವೃತ್ತ ಬಸ್ ಮೆಕ್ಯಾನಿಕ್ ಅಂಬಾದಾಸನು ಎರಡೂ ಕೈ ಜೋಡಿಸಿ, ಆ ಕೈಗಳಿಗೆ ತಮ್ಮ ದಯೆಯಿಂದ ಈಗ ಬೇರೆ ಕೆಲಸವಿಲ್ಲವಾದ್ದರಿಂದ ಬಹಳ ಹೊತ್ತು ಜೋಡಿಸಿಕೊಂಡೇ ನಿಂತು, ಸಲ್ಲಿಸುವ ಬಹಿರಂಗ ವಿನಂತಿ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಸಂಕ್ರಾಂತಿಯ ಮರುವಾರ ನಮ್ಮ ಮನೆಗೆ ಬಂದ ತಮ್ಮ 'ಬಹುತೇಕ ಸಿದ್ಧ' ವಿಮಾನವೂ ಕ್ಷೇಮವಾಗಿಯೇ ಬಂತು. ಪೆಟ್ಟಿಗೆ ಒಡೆದರೆ ಒಂದು ಮೈ, ಒಂದು ಬಾಲ, ಎರಡು ರೆಕ್ಕೆ, ಒಂದು ರಿಮೋಟ್, ನಾಲ್ಕೇ ನಾಲ್ಕು ಸ್ಕ್ರೂ. ಒಲೆಯ ಮೇಲಿಟ್ಟ ಚಹಾ ಕುದಿಯುವುದರೊಳಗೆ ಜೋಡಣೆ ಮುಗಿಯಿತು. ಘಾಟಬೋರಾಳದ ರಸ್ತೆಯ ಬೀಳು ಹೊಲಕ್ಕೆ ಒಯ್ದು ಹಾರಿಸಿದೆ. ಎಡಕ್ಕೆ ಎಂದರೆ ಎಡಕ್ಕೆ ಹೋಯಿತು, ಬಲಕ್ಕೆ ಎಂದರೆ ಬಲಕ್ಕೆ ಬಂತು, ಇಳಿ ಎಂದಾಗ ಒಳ್ಳೆಯ ಮನೆತನದ ಸೊಸೆಯಂತೆ ಸದ್ದಿಲ್ಲದೆ ಇಳಿಯಿತು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಹೇಳಿದ ಮಾತು ಕೇಳಿದ ಒಂದೇ ಒಂದು ಯಂತ್ರವನ್ನು ಕಂಡಿರದ ನನಗೆ ಇದರಿಂದಾದ ಆಘಾತವನ್ನು ತಾವು ಊಹಿಸಿಕೊಳ್ಳಬೇಕು.

ಈ ಬಗ್ಗೆ ತಮ್ಮ ಗ್ರಾಹಕ ಸೇವೆಗೆ ಫೋನ್ ಮಾಡಿದ್ದೆ. ಬಹಳ ಸಭ್ಯಳಾದ ಹುಡುಗಿಯೊಬ್ಬಳು ಸಮಸ್ಯೆ ಏನೆಂದು ಕೇಳಿದಳು. "ವಿಮಾನ ಹಾರಾಕತ್ತದ್ರಿ," ಎಂದೆ. ಹಾರುತ್ತಿದ್ದರೆ ಸಮಸ್ಯೆ ಏನೆಂದು ಮತ್ತೆ ಕೇಳಿದಳು. "ಅದೇ ಸಮಸ್ಯೆರಿ ತಾಯಿ," ಎಂದೆ. ತುಸು ಹೊತ್ತು ಸಂಗೀತ ಕೇಳಿಸಿದಳು. ಸಂಜೆ ನನ್ನ ದೂರು ಪರಿಹಾರವಾಗಿದೆ ಎಂದು ಸಂದೇಶ ಬಂತು. ಆದ್ದರಿಂದಲೇ ಈ ಬಹಿರಂಗ ಪತ್ರ.

ತಮಗೆ ನೆನಪಿರಲಿಕ್ಕಿಲ್ಲ, ಮೂರು ವರ್ಷದ ಹಿಂದೆ ಇದೇ ತಮ್ಮ ಕಂಪನಿ ನನಗೆ ಇನ್ನೊಂದು ಪೆಟ್ಟಿಗೆ ಕಳಿಸಿತ್ತು. ಅದರಲ್ಲಿ ವಿಮಾನವೇ ಇರಲಿಲ್ಲ. ಬಾಲ್ಸಾ ಎಂಬ ಹಗುರ ಕಟ್ಟಿಗೆಯ ತೆಳು ಹಲಗೆಗಳು, ಮುಟ್ಟಿದರೆ ಹರಿಯುವ ಕಾಗದ, ಹಾಸಿಗೆಯಗಲದ ನಕ್ಷೆ, ಜೊತೆಗೆ 'ತಾಳ್ಮೆ ಅಗತ್ಯ' ಎಂದೊಂದು ಚೀಟಿ. ನಮ್ಮೂರಿನ ತಲೆಯ ಮೇಲೆ ಬೀದರದ ತರಬೇತಿ ವಿಮಾನಗಳು ಹಾದುಹೋಗುತ್ತವೆ. ನೌಕರಿಯುದ್ದಕ್ಕೂ ಅಂಗಾತ ಮಲಗಿ ಬಸ್ಸಿನ ಹೊಟ್ಟೆಯನ್ನೇ ನೋಡಿದವನಿಗೆ, ನಿವೃತ್ತಿಯ ಮೇಲಾದರೂ ಕತ್ತೆತ್ತಿದರೆ ಬೇರೇನಾದರೂ ಕಾಣಲಿ ಎಂಬ ಆಸೆ ಇತ್ತು.

ಆ ಪೆಟ್ಟಿಗೆ ಒಬ್ಬನಿಂದ ಆಗುವಂಥದ್ದಾಗಿರಲಿಲ್ಲ. ಹೀಗಾಗಿ ಸಿರಾಜುದ್ದೀನ್ ಬಂದ. ಇವನು ಬಸವಕಲ್ಯಾಣದ ದರ್ಜಿ. ನಮ್ಮ ಡಿಪೋದವರ ಖಾಕಿ ಬಟ್ಟೆಗಳನ್ನು ಹೊಲಿದವನು, ಮತ್ತು ಹೊಲಿದ ಪ್ರತಿ ಪ್ಯಾಂಟಿನಲ್ಲೂ ಒಂದಿಂಚು ಬಟ್ಟೆ ಒಳಗೆ ಮಡಚಿಟ್ಟವನು. "ಮನಶಾ ಅಂದ ಮ್ಯಾಲ ದಪ್ಪ ಆಗ್ತಾನ ಭಾಯಿ, ಮಾರ್ಜಿನ್ ಬಿಡ್ಲಾರ್ದ ಹೊಲಿಯೋದು ಗುನಾಹ್ ಅದ," ಎನ್ನುವುದು ಅವನ ಸಿದ್ಧಾಂತ. ರೆಕ್ಕೆಗೆ ಕಾಗದ ಹೊದಿಸುವುದೂ ಒಂದು ಬಗೆಯ ಹೊಲಿಗೆಯೇ ಎಂದು ಹೇಳಿ ಕರೆಸಿದೆ. ಅಂದಿನಿಂದ ಎರಡು ವರ್ಷ ನಾಲ್ಕು ತಿಂಗಳು ಪ್ರತಿ ಭಾನುವಾರ ಎಂಟೂವರೆಯ ಬಸ್ಸಿಗೆ ಬರುತ್ತಿದ್ದ, ಸಂಜೆ ಐದರ ಬಸ್ಸಿಗೆ ಹೋಗುತ್ತಿದ್ದ. ರಂಜಾನ್ ತಿಂಗಳಲ್ಲಿ ರೋಜಾ ಹಿಡಿದೇ ಬರುತ್ತಿದ್ದ. ಆ ದಿನಗಳಲ್ಲಿ ನನ್ನ ಹೆಂಡತಿ ಕಮಳಾಬಾಯಿ ನನಗೂ ಚಹಾ ಕೊಡುತ್ತಿರಲಿಲ್ಲ.

ರೆಕ್ಕೆ ಕಟ್ಟಲು ಉದ್ದನೆಯ, ಒಂದಿಷ್ಟೂ ಡೊಂಕಿಲ್ಲದ ಹಲಗೆ ಬೇಕೆಂದು ತಮ್ಮ ನಕ್ಷೆ ಅಪ್ಪಣೆ ಮಾಡಿತ್ತು. ಅಂಥದ್ದು ನಮ್ಮ ಮನೆಯಲ್ಲಿ ಒಂದೇ ಇತ್ತು: ಕಮಳಾಬಾಯಿ ಬೇಮಳಖೇಡದ ತವರಿನಿಂದ ತಂದ, ಶಾವಿಗೆ ಹೊಸೆಯುವ ಮಣೆ. ಅದನ್ನು ಬೋರಲು ಹಾಕಿ, ನಕ್ಷೆ ಹಾಸಿ, ಗುಂಡುಸೂಜಿ ಚುಚ್ಚಿ ಕೆಲಸ ಹಿಡಿದೆವು. ಎಡ ರೆಕ್ಕೆ ನನ್ನದು, ಬಲ ರೆಕ್ಕೆ ಅವನದು. ಒಬ್ಬರ ಕೆಲಸವನ್ನು ಇನ್ನೊಬ್ಬರು ಅಳೆದು ನೋಡುವುದು ಅವಮಾನವೆಂದು ಇಬ್ಬರೂ ಅಳೆಯಲಿಲ್ಲ. ಎರಡು ಬೇಸಿಗೆ ನಮ್ಮ ಮನೆಯಲ್ಲಿ ಶಾವಿಗೆ ಆಗಲಿಲ್ಲ.

ಕೊನೆಗೊಂದು ಭಾನುವಾರ ಅದು ಹಾರಿತು. ಹಾರಿ ಎಡಕ್ಕೆ ತಿರುಗಿತು, ಮತ್ತೆ ಎಡಕ್ಕೆ, ಮತ್ತೂ ಎಡಕ್ಕೆ. ಹೀಗೆ ಮೂರು ಸುತ್ತು ಅಪ್ರದಕ್ಷಿಣೆ ಹಾಕಿ ಯಾರದೋ ಜೋಳದ ಕಣಿಕೆ ಬಣವೆಯಲ್ಲಿ ಮೂಗು ಹುದುಗಿಸಿ ನಿಂತಿತು. ಅಳೆದು ನೋಡಿದರೆ ಬಲ ರೆಕ್ಕೆ ಒಂದಿಂಚು ಉದ್ದ. ಏನಿದು ಎಂದು ಕೇಳಿದ್ದಕ್ಕೆ ಸಿರಾಜುದ್ದೀನ್ ಒಂದಿಷ್ಟೂ ಅಳುಕದೆ, "ಮುಂದ ಬೇಕಾಗ್ತದಂತ ಬಿಟ್ಟೀನಿ. ನಿಂದೇ ಗಿಡ್ಡ ಆಗ್ಯಾದ," ಎಂದ. ನಾನೂ ಬಿಡಲಿಲ್ಲ. ವಿಮಾನವೇನು ಹೋಳಿಗೆ ತಿಂದು ದಪ್ಪ ಆಗುತ್ತದೆಯೇ ಎಂದು ಕೇಳಿದೆ. ತನ್ನ ರೆಕ್ಕೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದವನು ಎರಡು ಭಾನುವಾರ ಬರಲಿಲ್ಲ. ಮೂರನೆಯ ಭಾನುವಾರ ಬಂದ. ಹೋಗಲಿ, ಗೆಳೆಯನ ಮಾತೇ ನಡೆಯಲಿ ಎಂದು ನಾನು ಅಷ್ಟರಲ್ಲಿ ನನ್ನ ರೆಕ್ಕೆಯನ್ನು ಒಂದಿಂಚು ಉದ್ದ ಮಾಡಿಟ್ಟಿದ್ದೆ. ಅವನೂ ಹಾಗೆಯೇ ಯೋಚಿಸಿ ತನ್ನದನ್ನು ಒಂದಿಂಚು ಕತ್ತರಿಸಿಕೊಂಡು ಬಂದಿದ್ದ. ಇಬ್ಬರೂ ಬಾಯಿ ಬಿಡಲಿಲ್ಲ. ಆ ದಿನ ವಿಮಾನ ಬಲಕ್ಕೆ ಸುತ್ತಿತು. ನಗುನಗುತ್ತಾ ಇಬ್ಬರೂ ಹೊಲದ ಬದುವಿನ ಮೇಲೆ ಕೂತುಬಿಟ್ಟೆವು. ಮಾನ್ಯರೇ, ತಮ್ಮ ಕಂಪನಿಯಿಂದ ನನಗೆ ಸಿಕ್ಕ ಅತ್ಯುತ್ತಮ ಸೇವೆ ಅದೇ.

ಇನ್ನೂ ಎಷ್ಟು ವರ್ಷ ಈ ಎಡ-ಬಲ ನಡೆಯುತ್ತಿತ್ತೋ ಗೊತ್ತಿಲ್ಲ, ಕಮಳಾಬಾಯಿಯ ತಾಳ್ಮೆ ಮುಗಿಯಿತು. "ನಿಮಗ ವಿಮಾನ ಬೇಕು, ನನಗ ನನ್ನ ಶಾವಿಗಿ ಮಣಿ ಬೇಕು," ಎಂದು ಮಗಳ ಮೊಬೈಲಿನಿಂದ ತಮ್ಮ ಬಹುತೇಕ ಸಿದ್ಧ ಮಾಲನ್ನು ತರಿಸಿ ನನ್ನ ಮುಂದಿಟ್ಟಳು. ಅವಳದು ತಪ್ಪಲ್ಲ. ತಪ್ಪು ತಮ್ಮದು, ಕೇಳಿದ್ದನ್ನು ಕೇಳಿದ ಹಾಗೆಯೇ ಕಳಿಸಿದಿರಿ.

ತಮ್ಮ ಈ ಪೆಟ್ಟಿಗೆ ಬಂದ ವಾರದ ಭಾನುವಾರವೂ ಸಿರಾಜುದ್ದೀನ್ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಿದ್ದ. ತಮ್ಮ ರೆಕ್ಕೆಯ ಅಂಚನ್ನು ಹೆಬ್ಬೆರಳಿನಿಂದ ಸವರಿ ಸವರಿ, "ಹೊಲಿಗಿನೇ ಇಲ್ಲಲ್ಲ ಭಾಯಿ," ಎಂದ. ಎರಡೂ ರೆಕ್ಕೆ ಅಳೆದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಹಾರಿದ್ದನ್ನು ನೋಡಿ, "ಭೇಷ್ ಹಾರ್ತದ. ಇನ್ನ ನಾ ಬರೋದ್ಯಾಕ?" ಎಂದು ನಕ್ಕ. ನಾನೂ ನಕ್ಕೆ. ನನ್ನ ತಪ್ಪು ಅಷ್ಟೇ, ಆ ಮಾತಿಗೆ ನಾನು ನಗಬಾರದಿತ್ತು. ಅವನು ಅಂದು ಐದರ ಬಸ್ಸಿಗಲ್ಲ, ಒಂದರ ಬಸ್ಸಿಗೇ ಹೋದ.

ಆಮೇಲೆ ಒಂಬತ್ತು ಭಾನುವಾರ ಬರಲಿಲ್ಲ. ಫೋನ್ ಮಾಡಿದರೆ ಹಬ್ಬದ ಹೊಲಿಗೆ ಬಹಳ ಅದ ಎನ್ನುತ್ತಿದ್ದ. ಸುಮ್ಮನೆ ಬಂದು ಕೂಡು ಎನ್ನಲು ನನಗೆ ಬಾಯಿ ಬರಲಿಲ್ಲ. ನಮ್ಮ ಕಡೆಯ ಗಂಡಸರಿಗೆ ಕೈಯಲ್ಲಿ ಕೆಲಸವಿಲ್ಲದೆ ಒಬ್ಬರ ಮನೆಯಲ್ಲಿ ಒಬ್ಬರು ಇಡೀ ದಿನ ಕೂಡುವುದಕ್ಕೆ ಬರುವುದಿಲ್ಲ, ಮಾನ್ಯರೇ. ತಮ್ಮ ವಿಮಾನವನ್ನು ಒಬ್ಬನೇ ಒಯ್ದು ಹಾರಿಸಿದೆ. ಹತ್ತು ನಿಮಿಷದಲ್ಲಿ ಆಟ ಮುಗಿಯಿತು, ಭಾನುವಾರ ಮುಗಿಯಲಿಲ್ಲ. ಎಂಟೂವರೆಯ ಬಸ್ಸು ಬರುವ ಹೊತ್ತಿಗೆ ಕಾರಣವಿಲ್ಲದೆ ಸ್ಟ್ಯಾಂಡಿಗೆ ಹೋಗಿ ಬರತೊಡಗಿದೆ. ಮುಚ್ಚುಮರೆ ಏಕೆ, ಅವನಿಲ್ಲದೆ ನನಗೆ ಮನೆ ಬಿಕೋ ಎನ್ನುತ್ತಿತ್ತು.

ಇಷ್ಟೊಂದು ಪರಿಪೂರ್ಣವಾದ ವಸ್ತುವನ್ನು ತಯಾರಿಸಿದ ತಮ್ಮನ್ನು ಎಷ್ಟು ಹೊಗಳಿದರೂ ಸಾಲದು; ಆದರೂ ಕೆಲವು ಸಣ್ಣ ಕೋರಿಕೆಗಳಿವೆ. ಇನ್ನು ಮುಂದೆ ಪ್ರತಿ ಪೆಟ್ಟಿಗೆಯಲ್ಲೂ ಒಂದು ರೆಕ್ಕೆಯನ್ನು ಒಂದಿಂಚು ಉದ್ದ ಮಾಡಿ ಕಳಿಸತಕ್ಕದ್ದು, ಯಾವುದೆಂದು ತಿಳಿಸತಕ್ಕದ್ದಲ್ಲ. ಸ್ಕ್ರೂಗಳು ನಾಲ್ಕು ಬೇಕಿರುವಲ್ಲಿ ಮೂರಿರಲಿ, ನಾಲ್ಕನೆಯದನ್ನು ಎಲ್ಲಿ ಕಳೆದೆ ಎಂದು ಇಬ್ಬರು ಜಗಳವಾಡಲು ಅನುಕೂಲವಾಗುತ್ತದೆ. ಜೋಡಣೆಗೆ ಕನಿಷ್ಠ ಎರಡು ವರ್ಷ ತಗುಲುವುದೆಂದು ಪೆಟ್ಟಿಗೆಯ ಮೇಲೆ ಭರವಸೆ ಕೊಡಿ. ಇದೆಲ್ಲ ಕಷ್ಟವಾದರೆ, ತಪ್ಪನ್ನೇ ಮಾಡದ ತಮ್ಮ ಕಾರ್ಖಾನೆಯ ಆ ಯಂತ್ರವನ್ನು ಒಂದು ತಿಂಗಳ ಮಟ್ಟಿಗೆ ಬಸವಕಲ್ಯಾಣಕ್ಕೆ ತರಬೇತಿಗೆ ಕಳಿಸಿ. ಮಾರ್ಜಿನ್ ಬಿಡುವುದನ್ನು ಸಿರಾಜುದ್ದೀನ್ ಕಲಿಸುತ್ತಾನೆ, ಊಟ ವಸತಿ ನಮ್ಮದು.

ಈ ನಡುವೆ ಒಂದು ದುರ್ಘಟನೆ ನಡೆದಿದೆ. ಕಮಳಾಬಾಯಿ ಮಣೆ ಸಿಕ್ಕ ಸಂಭ್ರಮದಲ್ಲಿ ಈ ಬೇಸಿಗೆ ಎರಡು ದಿನ ಶಾವಿಗೆ ಮಾಡಿದಳು. ಮೊದಲ ಬಟ್ಟಲನ್ನು ನನ್ನ ಮುಂದಿಟ್ಟು, ನಾನು ಉಣ್ಣದೆ ಬಾಗಿಲ ಕಡೆ ನೋಡುತ್ತಾ ಕೂತಿದ್ದನ್ನು ನೋಡಿದಳು. ಮರುದಿನ ತೊಳೆದ ಮಣೆಯನ್ನು ಅಟ್ಟಕ್ಕೇರಿಸುವಾಗ ಅದು ಅವಳ ಕೈ ಜಾರಿ, ಮೂಲೆಯಲ್ಲಿದ್ದ ತಮ್ಮ ವಿಮಾನದ ಮೇಲೆ ಬಿತ್ತು. ಒಂದು ರೆಕ್ಕೆ ಮುರಿದು ಎರಡು ತುಂಡಾಯಿತು. ನಲವತ್ತು ವರ್ಷದ ಸಂಸಾರದಲ್ಲಿ ಆ ಕೈಯಿಂದ ಒಂದು ಚಮಚ ಜಾರಿದ್ದನ್ನು ನಾನು ಕಂಡಿಲ್ಲ.

"ಬಲಗಡಿದೇ ಮುರದದ ನೋಡ್ರಿ," ಎಂದಳು. "ಅದು ಸಿರಾಜ್ ಭಾಯೀದು. ಅವರಿಗೇ ಕರಸ್ರಿ."

ಫೋನ್ ಮಾಡಿ ರೆಕ್ಕೆ ಮುರಿದಿದೆ ಎಂದೆ. "ಯಾ ಅಲ್ಲಾ, ಯಾವ ಕಡಿದು?" ಎಂದ ಸಿರಾಜುದ್ದೀನನ ದನಿಯಲ್ಲಿದ್ದ ಸಂತೋಷವನ್ನು ತಾವು ಕೇಳಬೇಕಿತ್ತು. ಮರು ಭಾನುವಾರ ನಾನು ಸ್ಟ್ಯಾಂಡಿನಿಂದ ಅವನನ್ನು ಕರೆದುಕೊಂಡು ಬರುವಷ್ಟರಲ್ಲಿ, ಪಡಸಾಲೆಯಲ್ಲಿ ಶಾವಿಗೆ ಮಣೆ ಬೋರಲು ಬಿದ್ದಿತ್ತು, ಅದರ ಮೇಲೆ ಗುಂಡುಸೂಜಿಯ ಡಬ್ಬಿ, ಪಕ್ಕದಲ್ಲಿ ಎರಡು ಬಟ್ಟಲು ಶಾವಿಗೆ.

ಹಾರಿಸಲು ಬಂದರೂ ಹಾರಿಸಲು ಮನಸ್ಸಿಲ್ಲದ,
ತಮ್ಮ ವಿಶ್ವಾಸಿ,
ಅಂಬಾದಾಸ, ಹುಮನಾಬಾದ

ಲಕೋಟೆಗೆ ಅಂಟು ಹಚ್ಚುವಾಗ ನೆನಪಾದದ್ದು: ಮುರಿದ ಸುದ್ದಿ ಮಗಳಿಂದ ತಿಳಿದು, ಉಚಿತವಾಗಿ ಬದಲಿ ರೆಕ್ಕೆ ಕಳಿಸುವುದಾಗಿ ತಾವು ಬೆದರಿಕೆಯ ಸಂದೇಶ ಹಾಕಿದ್ದೀರಿ. ದಯವಿಟ್ಟು ಕಳಿಸಬೇಡಿ. ಕಳಿಸಿದರೆ ಅದಕ್ಕೆ ನಾವು ಹೊಣೆಯಲ್ಲ: ಮಣೆ ಇನ್ನೂ ಮನೆಯಲ್ಲೇ ಇದೆ, ಮತ್ತು ಕಮಳಾಬಾಯಿಯ ಕೈ ಇನ್ನೂ ಆಗಾಗ ಜಾರುತ್ತಿದೆ.