ಜಯಕುಮಾರ ಮೇಷ್ಟ್ರ ಆಲೂಗಡ್ಡೆ

ಚನ್ನರಾಯಪಟ್ಟಣದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಜಯಕುಮಾರ ಸಂತೆಯಲ್ಲಿ ಒಂದೇ ಒಂದು ಆಲೂಗಡ್ಡೆ ಕೊಂಡದ್ದನ್ನು ಪಕ್ಕದ ಮನೆ ಸುವರ್ಣಮ್ಮ ನೋಡಿಬಿಟ್ಟರು. ಬೇರೆಯವರು ಮೂಟೆಗಟ್ಟಲೆ ಕೊಂಡರೂ ಕೇಳುವವರಿಲ್ಲ. ಆದರೆ ತಮ್ಮಂಥ ಜೈನರ ಮನೆಗೆ ಗಡ್ಡೆ ಬರುವುದುಂಟೆ? ಅದರಲ್ಲಿ ಎಷ್ಟು ಜೀವವೋ ಏನೋ!

ಅವನು ಕೊಂಡದ್ದು ತಿನ್ನಲಿಕ್ಕಲ್ಲ. ಬೇಯಿಸಿ ಹೋಳು ಮಾಡಿ, ಬಾವಿ ನೀರು ಸೋಸಿದ ಬಟ್ಟೆಯನ್ನು ಅದರ ಮೇಲೆ ಹಿಂಡಿ ಮುಚ್ಚಿಟ್ಟಿದ್ದ. ಪಾಠಕ್ಕೆ ಬ್ಯಾಕ್ಟೀರಿಯಾ ಬೇಕಿತ್ತು.

ಅವನ ಗ್ರಹಚಾರಕ್ಕೆ ಆ ಭಾನುವಾರವೇ ಹೊಳೆನರಸೀಪುರದಿಂದ ಅನಂತರಾಜಯ್ಯನವರು ವರನನ್ನು ನೋಡಲು ಬಂದರು. ಅವರ ಮಗಳು ಮರುದೇವಿಯನ್ನು ಯಾವುದೋ ಮದುವೆಯಲ್ಲಿ ನೋಡಿದಂದಿನಿಂದ ಜಯಕುಮಾರನಿಗೆ ಊಟ ಸೇರುತ್ತಿರಲಿಲ್ಲ. ಬಸ್ಸಿಳಿದವರು ದಾರಿ ಕೇಳಿದ್ದು ಸುವರ್ಣಮ್ಮನನ್ನೇ.

"ಆಲೂಗಡ್ಡೆ ಮೇಷ್ಟ್ರಾ? ಬನ್ನಿ, ನಾನೇ ಕರ್ಕೊಂಡೋಗ್ತೀನಿ," ಎಂದರು ಆಕೆ.

ಅನಂತರಾಜಯ್ಯ ಪಾನಕ ಮುಟ್ಟಲಿಲ್ಲ. "ಗಡ್ಡೆ ತಿಂತೀಯೇನಪ್ಪ?"

"ಅಯ್ಯೋ, ಇಲ್ಲ ಸಾರ್! ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆಸ್ತಿದೀನಿ."

ತಾಯಿ ಪದ್ಮಾವತಮ್ಮ ಹಣೆ ಚಚ್ಚಿಕೊಂಡರು. "ತಿಂತೀನಿ ಅಂದಿದ್ರೇ ವಾಸಿಯಾಗಿತ್ತಲ್ಲೋ!"

ಜಯಕುಮಾರ ಹೋಳಿನ ಮೇಲಿನ ಲೋಳೆಯನ್ನು ಚೂರು ಗಾಜಿಗೆ ಸವರಿ, ಸ್ಕೂಲಿನಿಂದ ತಂದಿದ್ದ ಸೂಕ್ಷ್ಮದರ್ಶಕವನ್ನು ಕಿಟಕಿಯ ಬೆಳಕಿಗಿಟ್ಟ. ಅನಂತರಾಜಯ್ಯ ಒಂದು ಕಣ್ಣು ಮುಚ್ಚಿ ಬಗ್ಗಿದರು.

"ಏನೋ ಚುಕ್ಕೆ... ನಿಂತ್ಕೊಂತು. ಅರೆ, ಯಾರೋ ಜಗ್ಗಿದಂಗೆ ಮುಂದಕ್ಕೆ ಹೋಯ್ತು! ಕಾಲೇ ಇಲ್ವಲ್ಲಪ್ಪ?"

"ಮೈಮೇಲೆ ಕೂದಲಿದೆ ಸಾರ್. ಇದ್ರಲ್ಲಿ ಕಾಣಲ್ಲ, ಪರದೇಶದ ದೊಡ್ಡ ಯಂತ್ರದಲ್ಲೇ ನೋಡ್ಬೇಕು. ಬೇಳೇಲಿರತ್ತಲ್ಲ ಪ್ರೋಟೀನು, ಆ ಜಾತೀದೇ ಮಣಿ ಪೋಣಿಸಿದಂಥ ಎಳೆ. ಅದನ್ನ ಮುಂದಕ್ಕೆ ಚಾಚಿ, ತುದಿ ಅಂಟಿಸಿ, ಒಳಕ್ಕೆಳ್ಕೊಳ್ಳತ್ತೆ. ಆಗ ಮೈ ಜರುಗತ್ತೆ. ಹೀಗೇ ಇರ್ಬೇಕು ಅಂತ ನನ್ನ ಊಹೆ."

"ಬಾವಿಗೆ ಬಿದ್ದ ಬಿಂದಿಗೆ ಎತ್ತೋಕೆ ಪಾತಾಳಗರಡಿ ಬಿಟ್ಟಂಗೆ," ಎಂದರು ಪದ್ಮಾವತಮ್ಮ.

"ಹೂಂ. ಆದ್ರೆ ಇಲ್ಲಿ ಬಿಂದಿಗೆ ಮೇಲೆ ಬರಲ್ಲಮ್ಮ. ಗರಡಿ ಬಿಟ್ಟೋನೇ ಬಿಂದಿಗೆ ಹತ್ರ ಹೋಗ್ತಾನೆ."

ಅನಂತರಾಜಯ್ಯ ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು. "ಪಾಪ, ಎಷ್ಟು ಒದ್ದಾಡ್ತವೆ. ಪಾಠ ಮುಗಿದ್ಮೇಲೆ ಇವನ್ನೇನ್ ಮಾಡ್ತೀಯ?"

ಕುದಿಯುವ ನೀರಿಗೆ ಹಾಕುವುದು ಪದ್ಧತಿ. ಜಯಕುಮಾರನಿಗೆ ಮರುದೇವಿಯ ಮುಖ ನೆನಪಾಯಿತು.

"ಸೋಸಿದ ಬಟ್ಟೇಲಿರೋ ಜೀವಾನ ಬಂದ ಬಾವಿಗೇ ಬಿಡ್ತೀವಲ್ಲ ಸಾರ್, ಹಂಗೇ ಬಿಡ್ತೀನಿ. ಅಲ್ಲೀತನಕ ಸಾಕ್ತೀನಿ."

ಸುವರ್ಣಮ್ಮನ ಮುಖ ಸಣ್ಣದಾಯಿತು. ಆ ಬಾವಿ ಎರಡು ಮನೆಗೂ ಒಂದೇ.

ಅನಂತರಾಜಯ್ಯ ಎದ್ದು ಕೈಮುಗಿದರು. "ಕಣ್ಣಿಗೆ ಕಾಣದ ಜೀವಕ್ಕೂ ಮರುಗೋನು ನೀನು. ನಿನ್ನನ್ನ ಹೆಂಡತಿ ಮಕ್ಕಳು ಅಂತ ಕಟ್ಟಿಹಾಕಿದ ಪಾಪ ನನಗೆ ಬೇಡಪ್ಪ. ದೀಕ್ಷೆ ತಗೊಳ್ಳೋ ಜೀವ ಇದು! ಬೆಳಗೊಳದಲ್ಲಿ ಮುನಿಗಳಿಗೆ ನಾನೇ ಅರಿಕೆ ಮಾಡ್ತೀನಿ."

"ಸಾರ್, ನಾನು ಹೇಳಿದ್ದು ಸುಳ್ಳು! ಕುದಿಯೋ ನೀರಿಗೆ ಹಾಕ್ತೀನಿ, ಎಲ್ಲಾನೂ ಸಾಯಿಸ್ತೀನಿ!"

"ವಿನಯ ನೋಡಿ. ಹೊಗಳಿದ್ರೆ ತಾನೇ ಕೆಟ್ಟೋನು ಅಂತಾನೆ," ಎಂದು ಅನಂತರಾಜಯ್ಯ ಪಾನಕವನ್ನು ಗಟಗಟ ಕುಡಿದು ಚಪ್ಪಲಿ ಮೆಟ್ಟಿದರು.

ಅವರನ್ನು ಬಸ್ಸಿಗೆ ಬಿಡಲು ಸುವರ್ಣಮ್ಮನೂ ಹೊರಟರು. ಆಕೆಯ ಮಾತು ಕಿಟಕಿಯಲ್ಲಿ ಕೇಳಿಸಿತು.

"ನಮ್ಮಣ್ಣನ ಮಗ ಒಬ್ಬ ಇದಾನೆ, ನೋಡ್ತೀರಾ? ದಯೆಗಿಯೆ ಅಂತ ಅಂಥಾದ್ದೇನೂ ಇಲ್ಲ."