ಒಂದು ಪಂಪು, ಮೂವರು ಉಪಾಧ್ಯಕ್ಷರು

ಲೋಕೋದ್ಧಾರ ಮಾಡೋರ ಜೊತೆ ಕೆಲಸಕ್ಕೆ ಸೇರಿದವನು ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ, ದಿನಾ ಒಂದಿಲ್ಲೊಂದು ನಡೀತಾನೇ ಇರುತ್ತೆ. ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದಲ್ಲಿ ಒಂದು ಸೇವಾ ಸಂಸ್ಥೆಯ ಜಿಲ್ಲಾ ಕಚೇರೀಲಿ ಟೈಪಿಸ್ಟ್ ಆಗಿದ್ದೆ. ಹತ್ತಾರು ದೇಶಗಳಲ್ಲಿ ಶಾಖೆ ಇದ್ದ ಸಂಸ್ಥೆ ಅದು, ಮುಖ್ಯ ಕಚೇರಿ ಸಮುದ್ರದಾಚೆ. ಟೈಪಿಸ್ಟ್ ಅನ್ನೋದು ಹೆಸರಿಗೆ. ಬಿಳಿಯರು ಬಂದರೆ ದುಭಾಷಿ, ಬರದಿದ್ದರೆ ಟೀ ತರೋನು.

ನಾನೊಬ್ಬನೇ ಸದಸ್ಯ

ಒಂದು ಸಲ ಮುಖ್ಯ ಕಚೇರಿಯಿಂದ ಅಪ್ಪಣೆ ಬಂತು: ಜಿಲ್ಲೆಗೊಂದು ಆಡಳಿತ ಸಮಿತಿ ಬೇಕು, ಅದೂ ಚುನಾಯಿತ ಸಮಿತಿ. ದುರ್ಗದ ವಕೀಲರೊಬ್ಬರು ತಾವೇ ಅಧ್ಯಕ್ಷ ಅಂತ ಕುರ್ಚೀಲಿ ಕೂತುಬಿಟ್ಟರು. ಹೊಸದುರ್ಗದ ರೈಸ್‌ಮಿಲ್ ಸಾಹುಕಾರರಿಗೆ ಸಿಟ್ಟು ಬಂತು. ಅವರನ್ನ ಉಪಾಧ್ಯಕ್ಷರನ್ನಾಗಿ ಮಾಡಿದ್ದಾಯ್ತು. ಅದಕ್ಕೆ ಹೊಳಲ್ಕೆರೆಯ ನಿವೃತ್ತ ಹೆಡ್‌ಮಾಸ್ತರರು ಮುಖ ಊದಿಸಿಕೊಂಡರು, ಅವರೂ ಉಪಾಧ್ಯಕ್ಷರಾದರು. ಹಿರಿಯೂರಿನ ಕಂಟ್ರಾಕ್ಟರರು ಬಾಗಿಲ ತನಕ ಎದ್ದು ಹೋದರು, ಅವರನ್ನೂ ಉಪಾಧ್ಯಕ್ಷರನ್ನಾಗಿ ಮಾಡಿ ಕೈಹಿಡಿದು ಕರೆತಂದರು.

"ಸದಸ್ಯರು ಯಾರು ಅಂತ ಬರೀಲಿ ಸಾರ್?" ಅಂದೆ.

"ನೀನಿದೀಯಲ್ಲಪ್ಪ!" ಅಂದರು ಅಧ್ಯಕ್ಷರು.

ಮನೆಗೆ ಹೋಗಿ ಹೆಂಡತಿಗೆ ಹೆಮ್ಮೆಯಿಂದ ಹೇಳಿದೆ. ಅವಳು ರೊಟ್ಟಿ ತಟ್ಟೋದನ್ನ ನಿಲ್ಲಿಸಲೇ ಇಲ್ಲ. "ನಿಮ್ಮೊಬ್ಬರನ್ನ ಆಳಾಕೆ ನಾಕು ಜನ ಬೇಕಾತಾ? ಇಷ್ಟು ವರ್ಷ ನಾನೊಬ್ಬಳೇ ಮಾಡ್ಕಂಡ್ ಬಂದಿಲ್ವಾ?"

ಟೀ ಟೇಬಲ್ಲು

ಹರಿಯಬ್ಬೆಯ ಕುರಿ ಸಾಕೋ ಮನೆತನದ ಒಬ್ಬ ಹೆಣ್ಣುಮಗಳು ಕಚೇರಿಗೆ ಬರ್ತಿದ್ದಳು. ಅವರ ಹಟ್ಟೀಲಿ ಸರ್ಕಾರದೋರು ಬೋರು ಕೊರೆದು, ಬಾಯಿಗೆ ಕಲ್ಲು ಮುಚ್ಚಿ ಹೋಗಿದ್ದರು. ಮೇಲೊಂದು ಕೈಪಂಪು ಕೂರಿಸಿದರೆ ನೀರು. "ನನ್ ಸೊಸೆ ಬಸುರಿ ಐದಾಳೆ ಸ್ವಾಮಿ. ಬಿಂದಿಗೆ ಹೊತ್ಕಂಡು ಹರದಾರಿ ನಡೀತಾಳೆ. ಹೆರಿಗೆಗೆ ಮುಂಚೆ ಕೊಡ್ರಪ್ಪ" ಅಂತಿದ್ದಳು.

ಪಂಪು ಬಂದೂ ಆಗಿತ್ತು. ಮುಖ್ಯ ಕಚೇರಿಯೋರು ಪೆಟ್ಟಿಗೇಲಿ ಕಳಿಸಿದ್ದರು. ಆದರೆ ಸಮಿತಿಯ ನಿರ್ಣಯ ಇಲ್ಲದೆ ಪೆಟ್ಟಿಗೆ ಬಿಚ್ಚೋಹಾಗಿರಲಿಲ್ಲ. ಸಮಿತಿಗೆ ಪಂಪಿನ ಬಗ್ಗೆ ತಕರಾರೇನೂ ಇಲ್ಲ. ಪಂಪಿನ ಪಕ್ಕ ನೆಡೋ ಉದ್ಘಾಟನೆ ಕಲ್ಲಿನ ಮೇಲೆ ಅಧ್ಯಕ್ಷರ ಹೆಸರಾದ ಮೇಲೆ ಯಾವ ಉಪಾಧ್ಯಕ್ಷರ ಹೆಸರು ಮೊದಲು ಅನ್ನೋದೇ ಜಗಳ. ವಯಸ್ಸು ನೋಡಿ ಅಂದರು ಹೆಡ್‌ಮಾಸ್ತರರು. ಅಂತಸ್ತು ನೋಡಿ ಅಂದರು ಸಾಹುಕಾರರು. ಹರಿಯಬ್ಬೆ ನಮ್ಮ ತಾಲ್ಲೂಕು ಕಣ್ರೀ ಅಂದರು ಕಂಟ್ರಾಕ್ಟರರು. ಪ್ರತಿ ಸಲಾನೂ ಅಧ್ಯಕ್ಷರು ಗಡಿಯಾರ ನೋಡಿ, "ಮುಂದಿನ ಸಭೆಗೆ ಇಡೋಣ" ಅಂತ ಎದ್ದುಬಿಡೋರು.

ಅಷ್ಟರಲ್ಲಿ ಪೆಟ್ಟಿಗೆ ಮೇಲೊಂದು ಹೂವಿನ ಬಟ್ಟೆ ಬಂತು. ಅದರ ಮೇಲೆ ಟೀ ಲೋಟ ಇಡೋಕೆ ಶುರು ಮಾಡಿದರು. ಒಂದು ದಿನ ಆ ಹೆಣ್ಣುಮಗಳು ಬಾಗಿಲಲ್ಲಿ ನಿಂತು ನೋಡಿದಳು.

"ನಮ್ ಪಂಪಿನ ಮ್ಯಾಲೆ ಚಾ ಕುಡೀತೀರಲ್ರೀ, ನನಗೂ ಅರ್ಧ ಲೋಟ ಕೊಡ್ರಿ. ಅಷ್ಟಾದ್ರೂ ನೀರು ಬಂದಂಗಾಗ್ಲಿ."

ದೂರಿನ ಡಬ್ಬಿ

ಜನರ ದೂರು ಕೇಳೋಕೆ ಒಂದು ಡಬ್ಬಿ ಇಡಿ ಅಂತ ಇನ್ನೊಂದು ಅಪ್ಪಣೆ ಬಂತು. ಅಧ್ಯಕ್ಷರು ಹಸಿರು ಬಣ್ಣದ ಡಬ್ಬಿ ಮಾಡಿಸಿ, ಬೀಗ ಹಾಕಿ, ತಮ್ಮ ಮನೆ ನಡುಮನೇಲಿ ನೇತುಹಾಕಿದರು. "ಹೊರಗಿಟ್ರೆ ಯಾರ್ಯಾರೋ ದೂರು ಹಾಕ್ತಾರೆ ಕಣಯ್ಯ" ಅಂದರು. ಎರಡು ತಿಂಗಳಾದ ಮೇಲೆ ತೆಗೆದರೆ ಒಂದೇ ಒಂದು ಚೀಟಿ. ಅಧ್ಯಕ್ಷರ ಹೆಂಡತಿಯ ಕೈಬರಹ: "ಈ ಡಬ್ಬಿ ನೇತುಹಾಕೋಕೆ ನನ್ನ ತವರಿನ ಫೋಟೋನ ಗೋಡೆಯಿಂದ ಇಳಿಸಿದವರು ಯಾರು?"

ಕಂಬಳಿ

ಕಡೆಗೆ ಮುಖ್ಯ ಕಚೇರಿಯ ದೊಡ್ಡ ಸಾಹೇಬರೇ ಬಂದಿಳಿದರು. ಸಮಿತಿ ಸಭೆ ಜನರ ನಡುವೇನೇ ನಡೀಬೇಕು ಅಂತ ಹಟ ಹಿಡಿದರು. ಪಂಪಿನ ಪೆಟ್ಟಿಗೇನ ಲಾರಿಗೆ ಹಾಕಿ, ನಾವೆಲ್ಲ ಜೀಪಿನಲ್ಲಿ ಹರಿಯಬ್ಬೆಗೆ ಹೋದೆವು.

ಹುಣಸೆ ಮರದ ಕೆಳಗೆ ಕರಿ ಕಂಬಳಿ ಹಾಸಿದ್ದರು. "ಬರ್ರಿ ಸ್ವಾಮಿ, ಕುಂತ್ಕಳ್ರಿ" ಅಂತ ಕೂರಿಸಿ, ಆ ಹೆಣ್ಣುಮಗಳು ಒಬ್ಬೊಬ್ಬರಿಗೂ ದೊಡ್ಡ ಕಂಚಿನ ಚೊಂಬಿನ ತುಂಬ ಮಜ್ಜಿಗೆ ಕೊಟ್ಟಳು. ಬಿಸಿಲಿಗೆ ಬಂದಿದ್ದವರು ಗಟಗಟ ಕುಡಿದು ಇನ್ನೊಂದು ಚೊಂಬು ಇಸಕೊಂಡರು. ಸಾಹೇಬರು ಮಾತ್ರ ತಮ್ಮ ಬಾಟ್ಲಿ ನೀರಲ್ಲಿ ತುಟಿ ಒದ್ದೆ ಮಾಡಿಕೊಂಡರು.

ಆಮೇಲೆ ಊರಿನ ಹಿರಿಯಜ್ಜ ಕೋಲು ಊರಿ ಹೇಳಿದ: "ಇದು ನಮ್ ಪಂಚಾಯ್ತಿ ಕಂಬ್ಳಿ ಸ್ವಾಮಿ. ಇದರ ಮ್ಯಾಲೆ ಕುಂತೋರು ತೀರ್ಮಾನ ಆಗೋಗಂಟ ಏಳಂಗಿಲ್ಲ. ಎದ್ದೋನೇ ತಪ್ಪಿತಸ್ಥ."

ನಾನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಸಾಹೇಬರು ಹಿಗ್ಗಿ ಹೀರೇಕಾಯಿ ಆದರು. ಅಯ್ಯೋ, ಇಂಥ ನಿಯಮ ನಮ್ಮಲ್ಲೂ ಇರಬೇಕಿತ್ತು ಅಂದರು.

ಸಭೆ ಶುರುವಾಯ್ತು. ವಯಸ್ಸು, ಅಂತಸ್ತು, ತಾಲ್ಲೂಕು, ಹಳೇ ಪುರಾಣವೇ. ಹೊತ್ತು ಏರಿದಂಗೆಲ್ಲ ಮಾತು ಕಮ್ಮಿಯಾಗಿ ಮಿಸುಕಾಟ ಜಾಸ್ತಿಯಾಯ್ತು. ಸಾಹುಕಾರರು ತೊಡೆ ಅಮುಕಿಕೊಂಡರು. ಹೆಡ್‌ಮಾಸ್ತರರು ಕಣ್ಣು ಮುಚ್ಚಿ ಏನೋ ಜಪ ಮಾಡ್ತಿದ್ದರು. ಸಕ್ಕರೆ ಕಾಯಿಲೆ ಇದ್ದ ಅಧ್ಯಕ್ಷರ ಮುಖವಂತೂ ನೋಡೋಹಾಗಿರಲಿಲ್ಲ.

"ಮುಂದಿನ ಸಭೆಗೆ..." ಅಂತ ಅರ್ಧ ಎದ್ದರು.

"ಎದ್ರೆ ತಪ್ಪೊಪ್ಪಿದಂಗೆ ಸ್ವಾಮಿ!" ಅಂದ ಅಜ್ಜ. ಸುತ್ತ ನಿಂತ ಊರೆಲ್ಲ ನೋಡ್ತಿತ್ತು. ಅಧ್ಯಕ್ಷರು ಮೆತ್ತಗೆ ಕೂತರು.

ಆ ಹೆಣ್ಣುಮಗಳು ಚೊಂಬು ಹಿಡಿದು ಬಂದಳು. "ಇನ್ನೊಂದೀಟು ಮಜ್ಜಿಗೆ ಹಾಕ್ಲಾ ಸ್ವಾಮಿ?"

"ಬ್ಯಾಡ ತಾಯೀ! ಪಂಪ್ ತಗಳ್ರಿ! ಕಲ್ಲೂ ಬ್ಯಾಡ, ಹೆಸರೂ ಬ್ಯಾಡ! ಲೇ, ಬರ್ಕಳಯ್ಯ, ಸರ್ವಾನುಮತ!" ಅಂದವರೇ ಪಂಚೆ ಎತ್ತಿಕೊಂಡು ಜಾಲಿ ಪೊದೆ ಕಡೆ ಓಡಿದರು. ಹಿಂದೇನೇ ಮೂವರು ಉಪಾಧ್ಯಕ್ಷರು. ಯಾರು ಮೊದಲು ಅನ್ನೋ ಜಗಳ ಅವತ್ತು ಬಗೆಹರೀತು: ವಯಸ್ಸಾಗಿದ್ದರೂ ಹೊಳಲ್ಕೆರೆ ಹೆಡ್‌ಮಾಸ್ತರರೇ ಮುಂದಿದ್ದರು.

"ಎಲ್ಲರೂ ಎಲ್ಲಿಗೆ ಹೋದರು?" ಅಂತ ಸಾಹೇಬರು ನನ್ನನ್ನ ಕೇಳಿದರು.

"ನಿರ್ಣಯ ಪಾಸಾಯ್ತಲ್ಲ ಸಾರ್, ತುರ್ತು ಕೆಲಸಕ್ಕೆ ಇಳಿದಿದಾರೆ" ಅಂದೆ. ಇಷ್ಟು ಚುರುಕಿನ ಸಮಿತೀನ ಯಾವ ದೇಶದಲ್ಲೂ ನೋಡಿಲ್ಲ ಅಂದರು ಪುಣ್ಯಾತ್ಮರು.

ಅದೇ ವಾರ ಪಂಪು ಕೂರಿಸಿದರು. ತುಂಬಿದ ಬಸುರಿ ಸೊಸೆ ಕಲ್ಲಿನ ಮೇಲೆ ಸುಮ್ಮನೆ ಕೂತು, ಬೇರೆಯವರು ಪಂಪು ಒತ್ತೋದನ್ನ ನೋಡ್ತಾ ನಗ್ತಿದ್ದಳು. ನೀರು ಬಂದಾಗ ನನ್ನ ಕಣ್ಣೂ ತುಂಬಿತು, ಸುಳ್ಳು ಯಾಕೆ ಹೇಳಲಿ. ಅವಳ ಅತ್ತೆ ಮೊದಲ ನೀರನ್ನ ಅದೇ ಕಂಚಿನ ಚೊಂಬಿನ ತುಂಬ ಹಿಡಿದು, ಅಧ್ಯಕ್ಷರ ಮುಂದೆ ತಂದು ನಿಂತಳು.

"ಕುಡೀರಿ ಸ್ವಾಮಿ, ನಿಮ್ಮ ಪುಣ್ಯ."

ಅಧ್ಯಕ್ಷರು ಚೊಂಬು ನೋಡಿದರು. ನೆಲದ ಮೇಲೆ ಎಲ್ಲಾದರೂ ಕಂಬಳಿ ಐತಾ ಅಂತ ಸುತ್ತ ಹುಡುಕಿದರು. ಆಮೇಲೆ ನನ್ನ ಕಿವಿ ಹತ್ತಿರ ಬಗ್ಗಿ ಕೇಳಿದರು:

"ಇವತ್ತು ಸಭೆ ಇಲ್ಲ ತಾನೆ?"